ಮಾಡಿದವನೇ ಮೊದಲು ಹತ್ತಬೇಕು

ಪ್ರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿರಿ. ಶಿಷ್ಯತ್ವದ ವಿಷಯವಾಗಿ ನೀವು ಅನೇಕ ಪ್ರಸಂಗಗಳನ್ನು ಕೇಳಿದ್ದೀರಿ. ಅವುಗಳಲ್ಲಿ ಕೆಲವನ್ನು ನಾನೇ ಮಾಡಿದ್ದೇನೆ. ಗಂಟಲು ಹರಿಯುವಂತೆ ಮಾತನಾಡಿದ್ದೇನೆ, ಕೇಳಿದವರು ಕಣ್ಣೊರೆಸಿಕೊಂಡಿದ್ದಾರೆ, ಬಾಗಿಲ ಬಳಿ ತಂತಮ್ಮ ಕೊಡೆ ಹುಡುಕುವಷ್ಟರಲ್ಲಿ ಅವರೂ ನಾನೂ ಅದನ್ನು ಮರೆತಿದ್ದೇವೆ. ಈಗ ನಾನು ಪ್ರಸಂಗ ಮಾಡುವುದಿಲ್ಲ. ಏಣಿ ಮಾಡಿ ಬದುಕುತ್ತಿದ್ದ ಒಬ್ಬ ಮನುಷ್ಯನ ಕಥೆಯನ್ನು ಹೇಳುತ್ತೇನೆ. ಕಥೆ ಕಹಿಯಾಗಿದೆ. ಅದಕ್ಕೆ ಸಕ್ಕರೆ ಬೆರೆಸುವ ಹಕ್ಕು ನನಗಿಲ್ಲ.

ಅವನನ್ನು ಎಲ್ಲರೂ ಏಣಿಯಪ್ಪ ಎಂದೇ ಕರೆಯುತ್ತಿದ್ದರು. ಮೋಟು ಮನುಷ್ಯ, ಅಗಲವಾದ ಬೆನ್ನು, ಎಡಗೈಯ ಹೆಬ್ಬೆರಳಿಗೆ ಉಗುರಿಲ್ಲ. ಯಾರ ಮನೆಗೆ ಹೋದರೂ ಕುರ್ಚಿಯನ್ನು ಮೊದಲು ಅಂಗೈಯಿಂದ ಒತ್ತಿ ನೋಡಿಯೇ ಕೂರುವನು. ಒಮ್ಮೆ ಸಭಾಪಾಲಕರ ಮನೆಯಲ್ಲಿ ಹೀಗೆಯೇ ಒತ್ತಿ ನೋಡಿ, ಕೂರದೆ, ಆ ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದನು. ಮೂರನೆಯ ದಿನ ಕಾಲು ಬಿಗಿಮಾಡಿ ತಂದಿಟ್ಟನು. ಮಾತು ಮೊಳೆ ಹೊಡೆದ ಹಾಗೆ: ಕಡಿಮೆ, ಹೊಡೆದರೆ ನೇರ. ಭಾನುವಾರಗಳಲ್ಲಿ ದೇವಾಲಯದಲ್ಲಿ ಬೈಬಲ್ ಪಾಠ ಓದುವ ಸರದಿ ಅವನಿಗೂ ಬರುತ್ತಿತ್ತು. ಸಾಲಿನ ಮೇಲೆ ಆ ಉಗುರಿಲ್ಲದ ಬೆರಳಿಟ್ಟು, ಮರದ ಮೇಲೆ ಗೆರೆ ಎಳೆಯುವವನಂತೆ ನಿಧಾನವಾಗಿ ಓದುವನು.

ಕೆಲಸ ಕಲಿತದ್ದು ಒಬ್ಬ ಮುದಿ ಬಡಗಿಯ ಬಳಿ. ಆ ಮುದುಕ ಅವನಿಗೆ ಎರಡು ಕಟ್ಟಳೆಗಳನ್ನು ಹಾಕಿಕೊಟ್ಟಿದ್ದನು. ಮೊದಲನೆಯದು: ಏಣಿ ಮುಗಿದ ಮೇಲೆ ಮಾಡಿದವನೇ ಮೊದಲು ಹತ್ತಬೇಕು. ಕೊಳ್ಳುವವನ ಕಣ್ಣೆದುರಿಗೆ ತುದಿಯವರೆಗೆ ಏರಿ, ಮೈಭಾರವನ್ನೆಲ್ಲ ಬಿಟ್ಟು, ಮೂರು ಸಲ ಕುಪ್ಪಳಿಸಬೇಕು. ಅಂಗಳದಲ್ಲಿ ಬಿದ್ದಿದ್ದ ಏಣಿ ಎಷ್ಟೇ ದಿನದ ಮೇಲೆ ಹೊರಗೆ ಹೋಗಲಿ, ಹೋಗುವ ಮುಂಚೆ ಮತ್ತೊಮ್ಮೆ ಹತ್ತಬೇಕು. ಎರಡನೆಯದು: ಏಣಿಗೆ ಬಣ್ಣ ಬಳಿಯಕೂಡದು. ಅಗಸೆ ಎಣ್ಣೆ ತಿಕ್ಕಿದರೆ ಸಾಕು. ಎಣ್ಣೆಯೊಳಗಿನಿಂದ ಮರದ ಗಂಟು, ಸೀಳು, ಹುಳು ತಿಂದ ತೂತು ಎಲ್ಲವೂ ಕಾಣುತ್ತವೆ. ಬಣ್ಣದ ಕೆಳಗೆ ಎಲ್ಲ ಮರವೂ ಸಜ್ಜನನೇ. ಶಿಷ್ಯನೆಂದರೆ ಯಾರು ಎಂದು ಮುದುಕನನ್ನು ಯಾರಾದರೂ ಕೇಳಿದ್ದರೆ, ಗುರು ಹತ್ತಿ ತೋರಿಸಿದ್ದನ್ನು ತಾನೂ ಹತ್ತುವವನು ಎಂದು ಹೇಳುತ್ತಿದ್ದನೋ ಏನೋ. ನಮ್ಮ ಕರ್ತನೂ ಬಡಗಿಯ ಮನೆಯಲ್ಲಿ ಬೆಳೆದವನಲ್ಲವೇ? ತಾನು ಮೊದಲು ಹತ್ತದ ಯಾವುದನ್ನೂ ಆತನು ನಮಗೆ ಹತ್ತಲು ಹೇಳಲಿಲ್ಲ.

ಮುದುಕ ತೀರಿಕೊಂಡ ಮೇಲೆ ಏಣಿಯಪ್ಪ ತನ್ನ ಹೆಂಡತಿಯ ಅಣ್ಣನ ಮರದ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತನು. ಈ ಭಾವನನ್ನು ನಾವು ಯಜಮಾನರೆನ್ನೋಣ. ಊರೆಲ್ಲ ಹಾಗೆಯೇ ಕರೆಯುತ್ತಿತ್ತು. ಸಭೆಯ ಹಿರಿಯರಲ್ಲಿ ಅವರೇ ಮೊದಲಿಗರು. ಕೆಟ್ಟವರಲ್ಲ. ಕಷ್ಟವೆಂದು ಬಂದವರನ್ನು ಬರಿಗೈಯಲ್ಲಿ ಕಳುಹಿಸಿದವರಲ್ಲ. ಆದರೆ ಮಾಡಿದ ಉಪಕಾರದ ಮೇಲೆ ತಮ್ಮ ಹೆಸರು ಕಾಣಬೇಕೆಂಬ ಒಂದು ಚಪಲ ಅವರಿಗಿತ್ತು.

ನಮ್ಮ ದೇವಾಲಯಕ್ಕೆ ಐವತ್ತು ವರ್ಷ ತುಂಬುವ ಕಾಲ ಬಂತು. ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಒಳಗಣ ಎತ್ತರದ ಗೋಡೆಗಳಿಗೆ ಬಣ್ಣ ಹೊಡೆಸಬೇಕೆಂದಾಯಿತು. ಇಪ್ಪತ್ತೆರಡು ಮೆಟ್ಟಿಲುಗಳ ಒಂದು ಏಣಿಯನ್ನು ದೇವಾಲಯಕ್ಕೆ ಕಾಣಿಕೆಯಾಗಿ ಕೊಡುವೆನೆಂದು ಯಜಮಾನರು ಎದ್ದು ನಿಂತು ಹೇಳಿದರು. ಏಣಿಯಪ್ಪ ಅದನ್ನು ಹದಿನೈದು ದಿನ ಕೂತು ಮಾಡಿದನು, ಹತ್ತಿದನು, ಮೂರು ಸಲ ಕುಪ್ಪಳಿಸಿದನು. ಎಡಗಡೆಯ ಕಂಬದಲ್ಲಿ, ಹದಿನಾಲ್ಕನೆಯ ಮೆಟ್ಟಿಲಿನ ಬಳಿ, ಒಂದು ಓರೆ ಗಂಟಿತ್ತು. ಗಟ್ಟಿಯಾಗಿತ್ತು. ಆದರೂ ಒಣಗುವಾಗ ಇದರ ಮೇಲೆ ಕಣ್ಣಿಡಬೇಕೆಂದು ಪಕ್ಕದಲ್ಲಿದ್ದ ಕೆಲಸಗಾರನಿಗೆ ಹೇಳಿದ್ದನು. ಆಮೇಲೆ ಏಣಿ ಬೇಸಗೆಯ ಎರಡು ತಿಂಗಳು ಅಂಗಳದಲ್ಲಿ ಮಲಗಿತ್ತು.

ದೇವಾಲಯಕ್ಕೆ ಕೊಡುವ ವಸ್ತು ಬೋಳು ಮರವಾಗಿದ್ದರೆ ದೇವರಿಗೆ ಅವಮಾನವೆಂದು ಯಾರಿಗೆ ಮೊದಲು ಹೊಳೆಯಿತೋ ಗೊತ್ತಿಲ್ಲ. ನಮಗೆಲ್ಲರಿಗೂ ಅದು ಭಕ್ತಿಯಾಗಿಯೇ ಕಂಡಿತು. ಏಣಿಯಪ್ಪ ಒಂದು ವಾರ ಜ್ವರದಲ್ಲಿ ಮಲಗಿದ್ದಾಗ ಯಜಮಾನರು ಕಾರ್ಖಾನೆಯ ಬೇರೊಬ್ಬನಿಂದ ಏಣಿಗೆ ಎರಡು ಸಲ ತಿಳಿನೀಲಿ ಬಣ್ಣ ಬಳಿಸಿ, ಕಂಬದ ಮೇಲೆ ಬಿಳಿ ಅಕ್ಷರಗಳಲ್ಲಿ ತಮ್ಮ ಮನೆತನದ ಹೆಸರನ್ನೂ ಕಾಣಿಕೆ ಎಂಬ ಮಾತನ್ನೂ ಬರೆಯಿಸಿದರು. ಕೆಲಸಕ್ಕೆ ಮರಳಿದ ಏಣಿಯಪ್ಪ ಅದನ್ನು ನೋಡಿ ನಿಂತಲ್ಲೇ ನಿಂತನು.

“ಭಾವ, ಏಣಿಗೆ ಬಣ್ಣ ಹಾಕಬಾರದು,” ಎಂದನು.

“ಚೆನ್ನಾಗಿ ಕಾಣ್ತಿದೆ ತಾನೇ?”

“ಚೆನ್ನಾಗಿ ಕಾಣ್ತಿದೆ ಅನ್ನೋದೇ ನನಗೆ ಭಯ.”

ಅಲ್ಲಿದ್ದವರು ನಕ್ಕರು. ಯಜಮಾನರೂ ನಕ್ಕರು. ದೇವರ ಮನೆಗೆ ಹೋಗುವ ಏಣಿಯನ್ನು ದೇವರೇ ಕಾಯುತ್ತಾನೆ, ನೀನು ಜ್ವರದಿಂದ ಎದ್ದವನು, ಹೋಗಿ ಗಂಜಿ ಕುಡಿ ಎಂದರು. ಏಣಿಯಪ್ಪ ಸುಮ್ಮನಾದನು. ಮೈಯಲ್ಲಿ ಶಕ್ತಿ ಇರಲಿಲ್ಲವೆಂಬುದು ನಿಜ. ಭಾವನ ಎದುರಿಗೆ ಹಟ ಹಿಡಿದರೆ ಮನೆಯಲ್ಲಿ ಹೆಂಡತಿಯ ಮುಖ ಬಾಡುತ್ತಿತ್ತೆಂಬುದೂ ನಿಜ. ಏಣಿ ಗಾಡಿಯಲ್ಲಿ ಹೊರಟಿತು. ಅವನು ಎರಡನೆಯ ಸಲ ಅದನ್ನು ಹತ್ತಲಿಲ್ಲ.

ಈಗ ದೇವಾಲಯದ ಗೋಡೆ ಕೆಲಸಕ್ಕೆ ಬಂದ ಬಣ್ಣದವನ ವಿಷಯಕ್ಕೆ ಬರುತ್ತೇನೆ. ಗೋಡೆಗೆ ಬಣ್ಣ ಹೊಡೆಯುವುದು, ಅಂಗಡಿಗಳ ಹೆಸರು ಬರೆಯುವುದು ಅವನ ಕಸುಬು. ಒಂದು ಕಾಲಕ್ಕೆ ಮಹಾ ಕುಡುಕ. ಅವನನ್ನು ಕೈಹಿಡಿದು ಸಭೆಗೆ ಕರೆತಂದವನೇ ಏಣಿಯಪ್ಪ. ಎರಡು ವರ್ಷದಿಂದ ಒಂದು ಹನಿ ಮುಟ್ಟಿರಲಿಲ್ಲ. ಕೊನೆಯ ಬೆಂಚಿನಲ್ಲಿ ಹೆಂಡತಿಯ ಪಕ್ಕದಲ್ಲಿ ಕೂತು, ಹಾಡುಗಳನ್ನು ಅರ್ಧ ಸಾಲು ತಡವಾಗಿ ಹಾಡುತ್ತಿದ್ದನು. ಬಾಯಿ ಮಾತ್ರ ಹಳೆಯದೇ. ಸುಮ್ಮನಿರಲು ಬಾರದು.

ಆ ಬೆಳಿಗ್ಗೆ ಏಣಿಯನ್ನು ಗೋಡೆಗೆ ಒರಗಿಸಿಕೊಡಲು ಏಣಿಯಪ್ಪನೇ ಬಂದಿದ್ದನು. ಬಣ್ಣದವನು ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ತಿಳಿನೀಲಿ ಕಂಬವನ್ನು ಮೇಲಿಂದ ಕೆಳಗೆ ನೋಡಿದನು.

“ಏನಣ್ಣ, ಮದುಮಗಳ ಹಾಗೆ ಸಿಂಗಾರ ಮಾಡಿದೀರಲ್ಲ. ನೀನು ಹತ್ತಿದೀಯಾ ಇದನ್ನ?”

“ಹತ್ತಿದೀನಿ,” ಎಂದನು ಏಣಿಯಪ್ಪ.

ಸುಳ್ಳಲ್ಲ. ಎರಡು ತಿಂಗಳ ಹಿಂದೆ ಹತ್ತಿದ್ದನು. ಪ್ರಿಯರೇ, ನಾವು ಆಡುವ ಸುಳ್ಳುಗಳಲ್ಲಿ ಹೆಚ್ಚಿನವು ಇಂಥವೇ; ಒಂದು ಕಾಲದಲ್ಲಿ ಸತ್ಯವಾಗಿದ್ದವು.

ಕಂಬ ಹದಿನಾಲ್ಕನೆಯ ಮೆಟ್ಟಿಲಿನ ಬಳಿ ಮುರಿಯಿತು. ಬಣ್ಣದವನು ಬೆಂಚುಗಳ ಅಂಚಿನ ಮೇಲೆ ಬೆನ್ನು ಕೊಟ್ಟು ಬಿದ್ದನು. ಸೊಂಟದಿಂದ ಕೆಳಗೆ ಕಾಲುಗಳು ಅವನ ಮಾತು ಕೇಳುವುದನ್ನು ಅಂದೇ ಬಿಟ್ಟವು.

ಅವನನ್ನು ಆಸ್ಪತ್ರೆಗೆ ಸಾಗಿಸಿದ ಮಧ್ಯಾಹ್ನವೇ ಯಜಮಾನರು ಏಣಿಯಪ್ಪನನ್ನು ಕರೆದು, ಮುರಿದ ಏಣಿಯನ್ನು ಕೊಯ್ದು ಸುಟ್ಟುಬಿಡು, ನೋಡಿದವರಿಗೆ ಸಂಕಟವಾಗುತ್ತದೆ ಎಂದರು. ಅವನು ಗರಗಸ ಹಿಡಿದು ಕೂತನು. ಮುರಿದ ಜಾಗವನ್ನು ಆಗಲೇ ಸರಿಯಾಗಿ ನೋಡಿದ್ದು. ಎಲ್ಲವನ್ನೂ ಸುಟ್ಟನು, ಆ ಎರಡು ಗೇಣು ತುಂಡನ್ನು ಮಾತ್ರ ಸುಡಲು ಕೈ ಬರಲಿಲ್ಲ. ಕೆಲಸದ ಮೇಜಿನ ಕೆಳಗಿದ್ದ ಹೊಟ್ಟಿನ ರಾಶಿಯೊಳಗೆ ಹುಗಿದಿಟ್ಟನು.

ನಾಲ್ಕನೆಯ ದಿನ ಸಭಾ ಸಮಿತಿ ಸೇರಿತು. ಐದು ಜನ. ಆ ಐವರಲ್ಲಿ ನಾನೂ ಒಬ್ಬ. ಸಮಾರಂಭ ಹದಿನೈದು ದಿನ ದೂರವಿತ್ತು, ಏಣಿಯ ಮೇಲೆ ಯಜಮಾನರ ಮನೆತನದ ಹೆಸರಿತ್ತು. ಬಿದ್ದವನ ಬಟ್ಟೆಯಿಂದ ಏನೋ ವಾಸನೆ ಬರುತ್ತಿತ್ತೆಂದು ಒಬ್ಬರು ಅಂದರು. ಬಣ್ಣ ತೆಳುಮಾಡುವ ಟರ್ಪೆಂಟೈನ್ ವಾಸನೆ ಅದು. ಅವನ ಅಂಗಿ ಹತ್ತು ವರ್ಷದಿಂದ ಹಾಗೆಯೇ ನಾರುತ್ತಿತ್ತು. ಅದು ಐವರಿಗೂ ಗೊತ್ತಿತ್ತು. ಆದರೆ ಒಬ್ಬರು ‘ಏನೋ ವಾಸನೆ’ ಎಂದರು, ಇನ್ನೊಬ್ಬರು ‘ಹಳೆಯ ಚಾಳಿ’ ಎಂದರು, ಮೂರನೆಯವರು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಅದು ಹೆಂಡದ ವಾಸನೆಯಾಗಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಏಣಿಯಪ್ಪನನ್ನು ಒಳಗೆ ಕರೆದು, ಏಣಿಯನ್ನು ನೀನು ಹತ್ತಿ ಪರೀಕ್ಷಿಸಿದ್ದೆಯಾ ಎಂದು ಕೇಳಿದೆವು. ಬೇರೇನನ್ನೂ ಕೇಳಲಿಲ್ಲ, ಕೇಳದಿರುವ ಜಾಣತನ ನಮಗಿತ್ತು. ಅವನು ನೆಲ ನೋಡುತ್ತಾ ಹತ್ತಿದ್ದೆನೆಂದನು. ಕೆಲಸಗಾರನು ಮದ್ಯಪಾನ ಮಾಡಿದ್ದರಿಂದ ಆಯತಪ್ಪಿ ಬಿದ್ದನೆಂದು ಸಮಿತಿಯ ಪುಸ್ತಕದಲ್ಲಿ ಬರೆಯಲಾಯಿತು. ಒಪ್ಪಿಗೆಗೆ ಐದು ಕೈಗಳು ಮೇಲೆದ್ದವು.

ಸಮಾರಂಭದ ಹಿಂದಿನ ದಿನ ಬಣ್ಣದವನ ಹೆಂಡತಿ ಕಾರ್ಖಾನೆಗೆ ಬಂದಳು. ಇಸ್ತ್ರಿ ಮಾಡಿ ಸಂಸಾರ ನಡೆಸುವವಳು. ಕೈಮೇಲೆಲ್ಲ ಸುಟ್ಟ ಸಣ್ಣ ಕಲೆಗಳು. ಗರಗಸದ ಸದ್ದು ನಿಲ್ಲುವವರೆಗೆ ಕಾದಳು. ಅವಳಾಡಿದ ಮಾತನ್ನು ಏಣಿಯಪ್ಪ ಅನೇಕ ವರ್ಷಗಳ ಮೇಲೆ, ಒಂದಕ್ಷರ ಬಿಡದೆ, ನನಗೆ ಹೇಳಿದನು.

“ಅಣ್ಣ, ಅವರು ಎದ್ದು ನಡೀತಾರೋ ಇಲ್ವೋ, ಅದು ದೇವರಿಗೆ ಬಿಟ್ಟದ್ದು. ಕುಡಿದಿರಲಿಲ್ಲ ಅಂತ ಒಂದು ಮಾತು ಹೇಳಿ. ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಹೇಗೂ ಕುಡುಕ ಅಂತ ಬರೆದಾಯ್ತಲ್ಲ, ತಂದುಕೊಡು ಕುಡಿದೇ ಬಿಡ್ತೀನಿ ಅಂತಾರೆ. ಕಾಲು ಹೋದದ್ದಕ್ಕೆ ನಾನು ಅಳಲಿಲ್ಲ. ಇದಕ್ಕೆ ಅಳ್ತಿದೀನಿ.”

ಅವಳು ಕೂಗಾಡಲಿಲ್ಲ. ಶಪಿಸಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಮರುದಿನ ದೇವಾಲಯದ ಮುಂದಿನ ಎರಡು ಸಾಲುಗಳಲ್ಲಿ ಅತಿಥಿಗಳು ಕುಳಿತಿದ್ದರು. ಪಾಠ ಓದುವ ಸರದಿ ಏಣಿಯಪ್ಪನದು. ಅದು ಮೂರು ತಿಂಗಳ ಹಿಂದೆಯೇ ಗೊತ್ತಾದದ್ದು. ಅವನು ಒಂದು ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದನು. ಪಾಠವನ್ನು ಓದಿದನು. ಗುರುವನ್ನು ಹಿಂಬಾಲಿಸುವವನು ತನ್ನನ್ನು ತಾನೇ ನಿರಾಕರಿಸಬೇಕೆಂಬ ಭಾಗವೇ ಅಂದು ಬಂದಿತ್ತು. ಓದಿ ಮುಗಿಸಿ, ಪುಸ್ತಕವನ್ನು ಮುಚ್ಚದೆ, ಅದರ ಪಕ್ಕದಲ್ಲಿ ಬಟ್ಟೆ ಬಿಚ್ಚಿ ಆ ಮರದ ತುಂಡನ್ನಿಟ್ಟನು.

“ಇದು ಮುರಿದ ಏಣಿಯ ತುಂಡು. ಮುರಿದ ಜಾಗ ಅರ್ಧ ತಿಳಿ ಹಳದಿ ಇದೆ; ಅದು ಆ ದಿನ ಮುರಿದದ್ದು. ಇನ್ನರ್ಧ ಕಪ್ಪಗಿದೆ, ಅದು ಅಂಗಳದಲ್ಲಿ ಒಣಗುವಾಗ ಬಿಟ್ಟ ಸೀಳು. ಸೀಳಿನ ಒಳಗೆ ನೀಲಿ ಬಣ್ಣ ಇಳಿದಿದೆ. ಅಂದರೆ ಬಣ್ಣ ಬಳಿಯೋಕೆ ಮುಂಚೆನೇ ಅದು ಸೀಳಿತ್ತು. ನಾನು ಇನ್ನೊಂದು ಸಲ ಹತ್ತಿದ್ದರೆ ನನಗೆ ಗೊತ್ತಾಗ್ತಿತ್ತು. ಹತ್ತಲಿಲ್ಲ. ಭಾವನಿಗೆ ಬೇಜಾರಾಗುತ್ತೆ ಅಂತ ಹತ್ತಲಿಲ್ಲ. ಅವನು ಕೇಳಿದಾಗ ಹತ್ತಿದೀನಿ ಅಂದೆ, ಸಮಿತಿ ಕೇಳಿದಾಗಲೂ ಹತ್ತಿದೀನಿ ಅಂದೆ. ಅವನು ಕುಡಿದಿರಲಿಲ್ಲ. ಪುಸ್ತಕದಲ್ಲಿ ಬರೆದದ್ದು ಸುಳ್ಳು. ಮೂರನೇ ಸಲ ಹೇಳೋಕೆ ನನ್ನಿಂದ ಆಗಲ್ಲ.”

ಇಷ್ಟನ್ನು ಹೇಳಿ ಅವನು ತನ್ನ ಜಾಗಕ್ಕೆ ಹೋಗಿ ಕೂತನು. ಕೂರುವ ಮುಂಚೆ, ಎಂದಿನಂತೆ, ಬೆಂಚನ್ನು ಅಂಗೈಯಿಂದ ಒತ್ತಿ ನೋಡಿದನು. ಸಭಾಪಾಲಕರು ಮುಂದಿನ ಹಾಡಿನ ಸಂಖ್ಯೆಯನ್ನು ಹೇಳಿದರು. ನಾವು ಎದ್ದು ಹಾಡಿದೆವು. ನಾನು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆನೆಂದು ನೆನಪು.

ಹೃದಯಗಳು ಕರಗಿದವೆಂದು ನೀವು ನಿರೀಕ್ಷಿಸುತ್ತಿದ್ದರೆ ಕ್ಷಮಿಸಿರಿ, ಕರಗಲಿಲ್ಲ. ಅತಿಥಿಗಳ ಮುಂದೆ ದೇವರ ಮನೆಯ ಮಾನ ಕಳೆದನೆಂದು ಜನ ಬೈದರು. ಹತ್ತಿದ ಏಣಿಯನ್ನೇ ಒದ್ದನೆಂದರು. ಅನ್ನ ಹಾಕಿದ ಮನೆಗೆ ಕನ್ನ ಹಾಕಿದನೆಂದರು. ಸತ್ಯವನ್ನೇ ಹೇಳಬೇಕಿದ್ದರೆ ಸಮಿತಿಯಲ್ಲಿ ಮೆಲ್ಲನೆ ಹೇಳಬಾರದಿತ್ತೇ ಎಂದು ನಾನೂ ಕೇಳಿದೆ. ಸಮಿತಿಯಲ್ಲಿ ನಾವು ಕಿವಿಗೆ ಅರಳೆ ಇಟ್ಟುಕೊಂಡು ಕೂತಿದ್ದುದನ್ನು ಮರೆತೆ. ಪಾಠ ಓದುವವರ ಪಟ್ಟಿಯಿಂದ ಅವನ ಹೆಸರನ್ನು ತೆಗೆದರು. ಪುಸ್ತಕದ ಬರಹವನ್ನು ತಿದ್ದಲಿಲ್ಲ.

ಸೋಮವಾರ ಅವನು ಕೆಲಸಕ್ಕೆ ಹೋದಾಗ ಉಳಿ, ಕೀಸುಳಿ, ಗರಗಸಗಳ ಪೆಟ್ಟಿಗೆ ಕಾರ್ಖಾನೆಯ ಗೇಟಿನ ಹೊರಗಿತ್ತು. ಯಜಮಾನರೇ ಅದರ ಪಕ್ಕದಲ್ಲಿ ನಿಂತಿದ್ದರು.

“ಇನ್ನು ನಿನ್ನ ಏಣೀನ ಬೇರೆ ಗೋಡೆಗೆ ಒರಗಿಸ್ಕೋ,” ಎಂದರು.

ಅವನ ಹೆಂಡತಿ ನಾಲ್ಕು ತಿಂಗಳು ಅವನೊಡನೆ ಪಾತ್ರೆಗಳ ಸದ್ದಿನಲ್ಲಿ ಮಾತ್ರ ಮಾತನಾಡಿದಳು. ಆಮೇಲೆ ಒಂದು ದಿನ, ಬಟ್ಟೆ ಮಡಿಸುತ್ತಾ, “ಸತ್ಯ ಹೇಳಿದ್ದು ನೀವು. ತವರಿನ ಬಾಗಿಲು ಮುಚ್ಚಿದ್ದು ನನಗೆ,” ಎಂದಳಂತೆ. ಶಿಲುಬೆಯನ್ನು ಒಬ್ಬನು ಎತ್ತಿಕೊಂಡರೆ ಅದರ ಇನ್ನೊಂದು ತುದಿ ಮನೆಯವರ ಮೈಗೆ ತಾಗುತ್ತದೆಂಬುದನ್ನು ನಾವು ಪ್ರಸಂಗಗಳಲ್ಲಿ ಹೇಳುವುದಿಲ್ಲ.

ಇನ್ನು ಬಣ್ಣದವನು. ಅವನು ಕುಡಿಯಲಿಲ್ಲ, ಆ ಒಂದು ಮಾತು ಅವನನ್ನು ಅಷ್ಟರಮಟ್ಟಿಗೆ ಹಿಡಿದು ನಿಲ್ಲಿಸಿತು. ಆದರೆ ಕ್ಷಮಿಸಲೂ ಇಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಏಣಿಯಪ್ಪ ಹೋಗಿ ಬಾಗಿಲಲ್ಲಿ ನಿಂತಾಗ, “ನೀನು ಹೇಳಿದ್ದಕ್ಕೆ ನನ್ನ ಕಾಲು ವಾಪಸ್ ಬಂತಾ?” ಎಂದು ಕೇಳಿದನು. ಇಲ್ಲವೆಂದನು ಏಣಿಯಪ್ಪ. ಹಾಗಾದರೆ ಯಾಕೆ ಬಂದೆ ಎಂದನು. ನಿನ್ನನ್ನು ಕೆಳಗಿಳಿಸಲು ಎಂದನು ಏಣಿಯಪ್ಪ.

ಅವರ ಕೋಣೆ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಮೂವತ್ತೊಂದು ಮೆಟ್ಟಿಲು, ಕೈಹಿಡಿ ಅರ್ಧಕ್ಕೆ ಮುರಿದಿತ್ತು. ಹೆಂಡತಿಯ ಇಸ್ತ್ರಿ ಮೇಜು ಕೆಳಗೆ, ಮೆಟ್ಟಿಲಿನ ಅಡಿಯಲ್ಲಿ. ಅಲ್ಲಿ ಕೂತರೆ ಬಣ್ಣದವನು ಹೆಸರಿನ ಹಲಗೆಗಳನ್ನು ಬರೆಯಬಹುದಿತ್ತು. ಕೈಗಳು ಇನ್ನೂ ಅವನವೇ ಆಗಿದ್ದವು. ಮೇಲೆಯೇ ಉಳಿದರೆ ಗೋಡೆ ನೋಡುತ್ತಾ ಕೂರಬೇಕು. ಏಣಿಯಪ್ಪನಿಗೆ ಆಗ ಒಂದು ಗೋದಾಮಿನಲ್ಲಿ ಸರಕಿನ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕೆಲಸ ಸಿಕ್ಕಿತ್ತು. ಏಣಿಯನ್ನು ಅವನಿಂದ ಮತ್ತೆ ಯಾರೂ ಮಾಡಿಸಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಣ್ಣದವನನ್ನು ಬೆನ್ನಿನ ಮೇಲೆ ಹೊತ್ತು ಕೆಳಗಿಳಿಸುವನು, ಸಂಜೆ ಬಂದು ಮೇಲಕ್ಕೆ ಹತ್ತಿಸುವನು. ಎಂಟು ವರ್ಷ. ಭಾನುವಾರ ದೇವಾಲಯಕ್ಕೂ ಹಾಗೆಯೇ ಹೊತ್ತು ತರುವನು; ಇಬ್ಬರೂ ಕೊನೆಯ ಬೆಂಚಿನಲ್ಲಿ ಕೂರುವರು. ಅವರ ಪಕ್ಕದಲ್ಲಿ ಜಾಗ ಯಾವಾಗಲೂ ಧಾರಾಳವಾಗಿರುತ್ತಿತ್ತು.

ಬಣ್ಣದವನ ನಾಲಿಗೆ ಬೆನ್ನ ಮೇಲಿದ್ದಾಗಲೂ ಬಿಡುವು ಕೊಡುತ್ತಿರಲಿಲ್ಲ. ಏಣಿ ಈವತ್ತು ಅಲ್ಲಾಡುತ್ತಿದೆಯಲ್ಲ, ಮೂರು ಸಲ ಕುಪ್ಪಳಿಸಿ ನೋಡಲೇ ಎನ್ನುವನು. ಈ ಏಣಿಗೆ ಮಾತ್ರ ಬಣ್ಣ ಹಾಕಿಲ್ಲ, ಎಲ್ಲ ಸುಕ್ಕೂ ಕಾಣುತ್ತದೆ ಎನ್ನುವನು. ಕೆಲವು ದಿನ ಹಾಸ್ಯ, ಕೆಲವು ದಿನ ವಿಷ. ಏಣಿಯಪ್ಪ ಮೆಟ್ಟಿಲು ಎಣಿಸುತ್ತಾ ಹತ್ತುವನು. ಎಂಟು ವರ್ಷದಲ್ಲಿ ಒಂದು ಸಲವೂ, ಹೋಗಲಿ ಬಿಡಣ್ಣ, ಆಗಿದ್ದು ಆಯಿತು ಎಂಬ ಮಾತು ಬೆನ್ನ ಮೇಲಿನಿಂದ ಬರಲಿಲ್ಲ. ಅದಕ್ಕಾಗಿ ಕಾಯುತ್ತಿದ್ದೀಯಾ ಎಂದು ನಾನು ಅವನನ್ನು ಕೇಳಿದೆ. ಕಾಯುತ್ತಿದ್ದೆ, ಮೂರನೆಯ ವರ್ಷಕ್ಕೆ ಬಿಟ್ಟೆ, ಈಗ ಬರೀ ಮೆಟ್ಟಿಲು ಎಂದನು.

ಹೋದ ತಿಂಗಳು ಒಂದು ಮಧ್ಯಾಹ್ನ ಏಣಿಯಪ್ಪ ಗೋದಾಮಿನಲ್ಲಿ, ಅರ್ಧ ಮೊಳೆ ಹೊಡೆದ ಪೆಟ್ಟಿಗೆಯ ಪಕ್ಕದಲ್ಲಿ, ಎದೆ ಹಿಡಿದು ಕುಸಿದು ತೀರಿಕೊಂಡನು. ಆ ಸಂಜೆ ದಾರಿಹೋಕರಿಬ್ಬರು ಹೇಗೋ ಬಣ್ಣದವನನ್ನು ಕೋಣೆಗೆ ಹತ್ತಿಸಿದರು; ಮರುದಿನ ಇಳಿಸಲು ಯಾರೂ ಬರಲಿಲ್ಲ. ಶವಸಂಸ್ಕಾರಕ್ಕೆ ಯಜಮಾನರು ಬಂದರು, ತಂಗಿಯ ತಲೆ ನೇವರಿಸಿದರು. ಅಗಲಿದ ಸಹೋದರನು ನಂಬಿಗಸ್ತ ಶಿಷ್ಯನಾಗಿದ್ದನೆಂದು ಸಮಿತಿಯ ಪರವಾಗಿ ಹೇಳಲಾಯಿತು. ಹೇಳಿದವನು ನಾನೇ. ಶವಪೆಟ್ಟಿಗೆಯ ಮುಂದೆ ನಿಂತು ಮಾತು ಮುಗಿಸಿದಾಗ ಕೊನೆಯ ಬೆಂಚು ಖಾಲಿಯಿರುವುದನ್ನು ಕಂಡೆ. ಬಣ್ಣದವನು ಬಂದಿರಲಿಲ್ಲ. ಬರುವುದಾದರೂ ಹೇಗೆ? ಅವನನ್ನು ಕೆಳಗಿಳಿಸಬೇಕಾದವನೇ ಪೆಟ್ಟಿಗೆಯಲ್ಲಿದ್ದನು.

ಮೂರು ದಿನ ಬಿಟ್ಟು ನಾನು ಆ ಮೂವತ್ತೊಂದು ಮೆಟ್ಟಿಲನ್ನು ಹತ್ತಿದೆ. ಬಣ್ಣದವನು ಕಿಟಕಿಯ ಬಳಿ ಕೂತಿದ್ದನು. ಏಣಿಯಪ್ಪ ಸತ್ತಂದಿನಿಂದ ಅಲ್ಲಿಯೇ ಇದ್ದನು.

“ಕೈ ಎತ್ತಿದ ಐವರಲ್ಲಿ ಯಾರು ಬರ್ತಾರೆ ಅಂತ ನೋಡ್ತಿದ್ದೆ,” ಎಂದನು.

ನಾನು ಬೆನ್ನು ಕೊಟ್ಟೆ. ಐದನೆಯ ಮೆಟ್ಟಿಲಿಗೇ ಉಸಿರು ಸಿಕ್ಕಿಕೊಂಡು ಗೋಡೆಗೆ ಒರಗಿದೆ. ನನ್ನ ಕಿವಿಯ ಹಿಂದೆ ಅವನು, “ಹಳೇ ಏಣಿ ನಡುವೆ ಎಲ್ಲೂ ನಿಲ್ತಿರಲಿಲ್ಲ,” ಎಂದನು. ಬದುಕಿದ್ದವನಿಗೆ ಕೊಡದ ಒಂದು ಮಾತನ್ನು ಅವನು ಅಂದು, ಬೇರೆಯವನ ಬೆನ್ನ ಮೇಲೆ ಕೂತು, ತಡವಾಗಿ ಕೊಟ್ಟನು. ಕೊಡಬೇಕಾದವರ ಸಾಲಿನಲ್ಲಿ ಅವನು ಕೊನೆಯವನು. ಮೊದಲಿನ ಐವರು ನಾವು.

ಪುಸ್ತಕದ ಆ ಸಾಲನ್ನು ಹೊಡೆದುಹಾಕಬೇಕೆಂದು ನಾನು ಸಮಿತಿಯ ಮುಂದೆ ಕೇಳಿದ್ದೇನೆ. ಮುಂದಿನ ಸಲ ನೋಡೋಣವೆಂದಿದ್ದಾರೆ. ಆ ಮರದ ತುಂಡು ಈಗ ನನ್ನ ಬಳಿಯಿದೆ. ಏಣಿಯಪ್ಪನ ಹೆಂಡತಿಯೇ ತಂದುಕೊಟ್ಟಳು. ಪ್ರಸಂಗ ಬರೆಯುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಅದನ್ನು ನೋಡುತ್ತಾ ಬರೆಯಲು ಕೂತರೆ ಬಹಳಷ್ಟು ಮಾತುಗಳು ಭಾರ ತಾಳದೆ ಬಿದ್ದುಹೋಗುತ್ತವೆ.

ಓದುಗರೇ, ನಿಮ್ಮನ್ನು ಒಂದನ್ನೇ ಬೇಡಿಕೊಳ್ಳುತ್ತೇನೆ. ಇತರರಿಗೆ ನೀವು ಒರಗಿಸಿಕೊಟ್ಟ ಏಣಿ ಯಾವುದೇ ಇರಲಿ, ಮಕ್ಕಳಿಗೆ ಹೇಳಿದ ಬುದ್ಧಿಯೋ, ನೆರೆಯವನಿಗೆ ಕೊಟ್ಟ ಮಾತೋ, ಸಹಿ ಹಾಕಿದ ಕಾಗದವೋ, ಮತ್ತೊಬ್ಬರು ಕಾಲಿಡುವ ಮುಂಚೆ ನೀವು ಅದನ್ನು ಇನ್ನೊಮ್ಮೆ ಹತ್ತಿರಿ. ಮುರಿದರೆ ಮುರಿಯಿತೆಂದು ಎದ್ದು ಹೇಳಿರಿ, ಮೆಲ್ಲನೆ ಹೇಳಬೇಡಿರಿ. ಹೇಳಿದ ಮೇಲೆ ಮನೆಗೆ ಹೋಗಿ ಕೂರಬೇಡಿರಿ. ನಿಮ್ಮ ಬೀದಿಯಲ್ಲಿಯೂ ಮೇಲಿನ ಮಹಡಿಯ ಕಿಟಕಿಯಲ್ಲಿ ಒಬ್ಬನು ಕೂತಿರುತ್ತಾನೆ. ಅವನು ಕ್ಷಮಿಸಲಿ, ಬಿಡಲಿ, ಬೆಳಿಗ್ಗೆ ಹೋಗಿ ಅವನಿಗೆ ಬೆನ್ನು ಕೊಡಿರಿ. ಸಂಜೆ ಮತ್ತೆ ಹೋಗಿರಿ.